ಥೈಮಸ್ ಒಳಗೆ ಟಿ ಕೋಶ ತಯಾರಾಗುವುದು ಹೇಗೆ: ಕಾಗದ, ಪೆನ್ನು ಹಿಡಿದು ಹಂತ ಹಂತವಾಗಿ

ಪಿಯುಸಿ ಬಯಾಲಜಿ ಪುಸ್ತಕದಲ್ಲಿ ಥೈಮಸ್ ಬಗ್ಗೆ ಇರುವುದು ಕೆಲವೇ ಸಾಲು. ಹೃದಯದ ಹತ್ತಿರ, ಎದೆಮೂಳೆಯ ಹಿಂದೆ ಇರುತ್ತದೆ, ಹುಟ್ಟಿದಾಗ ದೊಡ್ಡದು, ವಯಸ್ಸಾದಂತೆ ಚಿಕ್ಕದಾಗುತ್ತದೆ, ಟಿ ಕೋಶಗಳು (ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು) ಅಲ್ಲಿ ಬಲಿಯುತ್ತವೆ. ಅಷ್ಟೇ. ಆಮೇಲೆ ಎಂಎಸ್ಸಿಗೆ ಬಂದ ತಕ್ಷಣ ಡಿಎನ್1, ಡಿಎನ್2, ಸಿಡಿ44, ಸಿಡಿ25, ಪ್ರೀ-ಟಿ-ಆಲ್ಫಾ ಅಂತ ಒಂದು ದೊಡ್ಡ ಟೇಬಲ್ ಎದುರಿಗೆ ಬರುತ್ತದೆ, ಎಲ್ಲರೂ ಅದನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದ ವಾರಕ್ಕೆ ಮರೆಯುತ್ತಾರೆ. ಟೇಬಲ್ ಬಾಯಿಪಾಠ ಮಾಡಬೇಡಿ. ಒಂದೇ ಒಂದು ಕೋಶವನ್ನು ಹಿಡಿದುಕೊಂಡು ಅದರ ಹಿಂದೆ ಹೋಗಿ. ಪ್ರತಿ ಹಂತದಲ್ಲೂ ಮೂರೇ ಪ್ರಶ್ನೆ ಕೇಳಿ: ಕೋಶ ಈಗ ಎಲ್ಲಿದೆ? ಅದರ ಮೈಮೇಲೆ ಯಾವ ಗುರುತುಗಳಿವೆ? ಇಲ್ಲಿಂದ ಮುಂದೆ ಹೋಗಬೇಕಾದರೆ ಯಾವ ಪರೀಕ್ಷೆ ದಾಟಬೇಕು?

ಶುರು ಮಾಡುವ ಮೊದಲೇ ಒಂದು ಮಾತು. ಥೈಮಸ್ ಅನ್ನು ಟಿ ಕೋಶಗಳ ಶಾಲೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಆ ಹೋಲಿಕೆ ಇಷ್ಟವಿಲ್ಲ, ಅದು ದಾರಿ ತಪ್ಪಿಸುತ್ತದೆ. ಇಲ್ಲಿ ಯಾವ ಕೋಶವೂ ಏನನ್ನೂ ಕಲಿಯುವುದಿಲ್ಲ. ಪ್ರತಿಯೊಂದು ಕೋಶವೂ ತನ್ನ ರಿಸೆಪ್ಟರನ್ನು, ಅಂದರೆ ಎದುರಿಗೆ ಸಿಕ್ಕಿದ್ದನ್ನು ಗುರುತಿಸುವ ಮೈಮೇಲಿನ ಪ್ರೋಟೀನನ್ನು, ಸುಮ್ನೆ ಅಂದಾಜಿಗೆ ಕಟ್ಟಿಕೊಳ್ಳುತ್ತದೆ, ಹೊಂದಿಕೆಯಾದರೆ ಉಳಿಯುತ್ತದೆ, ಇಲ್ಲದಿದ್ದರೆ ಸಾಯುತ್ತದೆ. ಎಳೆಯ ಇಲಿಯ ಥೈಮಸ್‌ನಲ್ಲಿ ದಿನಕ್ಕೆ ಸುಮಾರು 5 ಕೋಟಿ ಕೋಶ ಹುಟ್ಟುತ್ತವೆ. ಹೊರಗೆ ಹೋಗುವುದು 10ರಿಂದ 20 ಲಕ್ಷ ಮಾತ್ರ. ಉಳಿದವೆಲ್ಲ ಅಲ್ಲೇ ಸತ್ತು, ಅಲ್ಲೇ ಇರುವ ಮ್ಯಾಕ್ರೋಫೇಜ್‌ಗಳ ಹೊಟ್ಟೆ ಸೇರುತ್ತವೆ. ಈ ಲೆಕ್ಕ ತಲೆಯಲ್ಲಿದ್ದರೆ ಮುಂದಿನದೆಲ್ಲ ಸಲೀಸು.

ಇನ್ನೊಂದು ವಿಷಯ: ಕೆಳಗೆ ಬರುವ ಗುರುತುಗಳು, ಅಂಕಿಗಳು ಬಹುತೇಕ ಇಲಿಯವು. ಮನುಷ್ಯರಲ್ಲೂ ದಾರಿ ಅದೇ, ಸಿಡಿ ನಂಬರ್‌ಗಳಲ್ಲಿ (ಕೋಶದ ಮೈಮೇಲಿನ ಗುರುತು ಪ್ರೋಟೀನ್‌ಗಳಿಗೆ ಕೊಟ್ಟ ನಂಬರ್) ಅಲ್ಲಲ್ಲಿ ವ್ಯತ್ಯಾಸ ಇದೆ.

ಹೆಜ್ಜೆ 1: ಮೊದಲು ನಕ್ಷೆ ಬರೆಯಿರಿ

ಎ4 ಹಾಳೆ ಅಡ್ಡ ಇಟ್ಟುಕೊಳ್ಳಿ. ಥೈಮಸ್‌ಗೆ ಎರಡು ಹಾಲೆಗಳಿವೆ, ನಮಗೆ ಒಂದರ ಒಂದು ತುಂಡು ಸಾಕು. ಮೇಲೆ ಒಂದು ಗೆರೆ ಎಳೆಯಿರಿ, ಅದು ಹೊರಗಿನ ಕವಚ. ಅದರ ಕೆಳಗೆ ಅಗಲವಾದ ಪಟ್ಟಿ ಬಿಡಿ, ಅದು ಕಾರ್ಟೆಕ್ಸ್. ಅದಕ್ಕೂ ಕೆಳಗೆ ಮೆಡುಲ್ಲಾ. ಇವೆರಡರ ನಡುವಿನ ಗಡಿಯನ್ನು ಬೇರೆ ಬಣ್ಣದಲ್ಲಿ ದಪ್ಪಗೆ ಎಳೆಯಿರಿ, ಯಾಕೆಂದರೆ ರಕ್ತನಾಳಗಳು ಇಲ್ಲಿವೆ, ಕೋಶ ಒಳಗೆ ಬರುವುದೂ ಇಲ್ಲೇ, ಕೊನೆಗೆ ಹೊರಗೆ ಹೋಗುವುದೂ ಇಲ್ಲೇ.

ಈಗ ಅಲ್ಲಿ ಕಾಯಂ ವಾಸ ಇರುವವರನ್ನು ಕೂರಿಸಿ. ಕಾರ್ಟೆಕ್ಸ್‌ನಲ್ಲಿ ಕಾರ್ಟೆಕ್ಸ್ ಎಪಿಥೀಲಿಯಲ್ ಕೋಶಗಳು (ಅಂಗದ ಚೌಕಟ್ಟು ಕಟ್ಟುವ ಕೋಶಗಳು), ಮೆಡುಲ್ಲಾದಲ್ಲಿ ಮೆಡುಲ್ಲಾ ಎಪಿಥೀಲಿಯಲ್ ಕೋಶಗಳು. ಎರಡಕ್ಕೂ ಫಾಕ್ಸ್‌ಎನ್1 ಅನ್ನುವ ಜೀನ್ ಬೇಕೇ ಬೇಕು. ಅದು ಕೆಟ್ಟ ಇಲಿಗೆ ಮೈಮೇಲೆ ಕೂದಲೂ ಇರುವುದಿಲ್ಲ, ಕೆಲಸ ಮಾಡುವ ಥೈಮಸ್ಸೂ ಇರುವುದಿಲ್ಲ. ಲ್ಯಾಬ್‌ಗಳಲ್ಲಿ ಕ್ಯಾನ್ಸರ್ ಪ್ರಯೋಗಕ್ಕೆ ಬಳಸುವ ಬೋಳು ಇಲಿ, ನ್ಯೂಡ್ ಮೌಸ್ ಅಂತಾರಲ್ಲ, ಅದೇ ಇದು. ಮೆಡುಲ್ಲಾದಲ್ಲಿ ಡೆಂಡ್ರಿಟಿಕ್ ಕೋಶಗಳನ್ನೂ (ಪ್ರೋಟೀನ್ ತುಣುಕುಗಳನ್ನು ಟಿ ಕೋಶಗಳಿಗೆ ತೋರಿಸುವ ಕೋಶಗಳು) ಒಂದಷ್ಟು ಹಾಕಿ.

ಈ ಅಂಗಕ್ಕೆ ಕೆಲಸ ಇದೆ ಅಂತ ಗೊತ್ತಾಗಿದ್ದೇ ತೀರಾ ತಡವಾಗಿ. 1961ರಲ್ಲಿ ಲಂಡನ್‌ನಲ್ಲಿ ಜಾಕ್ ಮಿಲ್ಲರ್ ಇಲಿಗಳಲ್ಲಿ ರಕ್ತದ ಕ್ಯಾನ್ಸರ್ ಬಗ್ಗೆ ಕೆಲಸ ಮಾಡುತ್ತಿದ್ದರು. ಆಗಷ್ಟೇ ಹುಟ್ಟಿದ ಮರಿಗಳ ಥೈಮಸ್ ತೆಗೆದರು. ಮರಿಗಳಲ್ಲಿ ಲಿಂಫೋಸೈಟ್‌ಗಳು ಕಡಿಮೆಯಾದವು, ಸೋಂಕು ಬಂದು ಸತ್ತವು, ಬೇರೆ ತಳಿಯ ಇಲಿಯ ಚರ್ಮ ಕಸಿ ಮಾಡಿದರೆ ತಿರಸ್ಕರಿಸಲೇ ಇಲ್ಲ. ದೊಡ್ಡ ಇಲಿಯಲ್ಲಿ ತೆಗೆದರೆ ಅಷ್ಟು ಬೇಗ ಏನೂ ಕಾಣುತ್ತಿರಲಿಲ್ಲ, ಅದಕ್ಕೇ ಅಲ್ಲಿಯವರೆಗೆ ಬಹಳ ಜನ ಇದನ್ನು ಕೆಲಸಕ್ಕೆ ಬಾರದ ಅಂಗ ಅಂದುಕೊಂಡಿದ್ದರು.

ಹೆಜ್ಜೆ 2: ಕೋಶವನ್ನು ಒಳಗೆ ತನ್ನಿ

ಅಸ್ಥಿಮಜ್ಜೆಯಿಂದ ಒಂದು ಮೂಲ ಕೋಶ ರಕ್ತದಲ್ಲಿ ತೇಲಿ ಬಂದು ಆ ದಪ್ಪ ಗಡಿಯಲ್ಲಿ ಇಳಿಯುತ್ತದೆ. ಗರ್ಭದಲ್ಲಿರುವಾಗ ಇದು ಪಿತ್ತಜನಕಾಂಗದಿಂದ ಬರುತ್ತದೆ. ಇಳಿಯುವಾಗ ಇದಿನ್ನೂ ಟಿ ಕೋಶ ಆಗಿರುವುದಿಲ್ಲ. ಬೇರೆ ಜಾತಿಯ ಕೋಶ ಆಗುವ ಅವಕಾಶವೂ ಅದಕ್ಕೆ ಇನ್ನೂ ಇರುತ್ತದೆ.

ಇಳಿದ ಕೂಡಲೇ ಕಾರ್ಟೆಕ್ಸ್‌ನ ಎಪಿಥೀಲಿಯಲ್ ಕೋಶಗಳು ಡಿಎಲ್ಎಲ್4 ಅನ್ನುವ ಪ್ರೋಟೀನ್ ಮೂಲಕ ಇದರ ನಾಚ್1 ರಿಸೆಪ್ಟರನ್ನು ತಟ್ಟುತ್ತವೆ. ಟಿ ಕೋಶ ಆಗು ಅನ್ನುವ ಆದೇಶ ಬರುವುದು ಇಲ್ಲಿಂದ. ನಾಚ್1 ಇಲ್ಲದ ಕೋಶ ಥೈಮಸ್ ಒಳಗೇ ಕೂತು ಬಿ ಕೋಶ ಆಗಿಬಿಡುತ್ತದೆ! ಬದುಕಿ ಉಳಿಯಲು ಐಎಲ್-7 ಅನ್ನುವ ಸಂಕೇತ ಪ್ರೋಟೀನ್ ಕೂಡ ಬೇಕು.

ಇದಕ್ಕೆ ಸಿಡಿ4 ಇಲ್ಲ, ಸಿಡಿ8 ಇಲ್ಲ. ಅದಕ್ಕೇ ಡಬಲ್ ನೆಗೆಟಿವ್, ಅಂದರೆ ಡಿಎನ್. ಇದರಲ್ಲಿ ನಾಲ್ಕು ಮೆಟ್ಟಿಲು. ಡಿಎನ್1ರಲ್ಲಿ ಸಿಡಿ44 ಮಾತ್ರ ಇರುತ್ತದೆ. ಡಿಎನ್2ರಲ್ಲಿ ಸಿಡಿ25 ಸೇರಿಕೊಳ್ಳುತ್ತದೆ. ಡಿಎನ್3ರಲ್ಲಿ ಸಿಡಿ44 ಹೋಗಿ ಸಿಡಿ25 ಮಾತ್ರ ಉಳಿಯುತ್ತದೆ. ಡಿಎನ್4ರಲ್ಲಿ ಎರಡೂ ಇಲ್ಲ. ಡಿಎನ್2ರ ನಡುವೆ ಬಿಸಿಎಲ್11ಬಿ ಅನ್ನುವ ಜೀನ್ ಆನ್ ಆದ ಮೇಲೆ ಕೋಶಕ್ಕೆ ಹಿಂದೆ ತಿರುಗುವ ದಾರಿ ಮುಚ್ಚುತ್ತದೆ.

ನಕ್ಷೆಯಲ್ಲಿ ಬಾಣ ಎಳೆಯುವಾಗ ಗಮನಿಸಿ, ಈ ಹೊತ್ತಿನಲ್ಲಿ ಕೋಶ ಗಡಿಯಿಂದ ಮೇಲಕ್ಕೆ, ಹೊರಗಿನ ಕವಚದ ಕಡೆಗೆ ಹೋಗುತ್ತಿದೆ. ಡಿಎನ್3 ಹೊತ್ತಿಗೆ ಕವಚದ ಕೆಳಗೇ ಇರುತ್ತದೆ. ಸುಮಾರು ಜನ ಇದನ್ನು ನೇರ ಮೇಲಿಂದ ಕೆಳಗೆ ಬರುವ ದಾರಿ ಅಂದುಕೊಳ್ಳುತ್ತಾರೆ. ಮೊದಲು ಹತ್ತಬೇಕು, ಆಮೇಲೆ ಇಳಿಯಬೇಕು.

ಹೆಜ್ಜೆ 3: ಬೀಟಾ ಸರಪಳಿಯ ಲೆಕ್ಕ ಕೈಯಾರೆ ಮಾಡಿ

ಟಿ ಕೋಶದ ರಿಸೆಪ್ಟರ್‌ಗೆ ಎರಡು ಸರಪಳಿ, ಆಲ್ಫಾ ಮತ್ತು ಬೀಟಾ. ಮೊದಲು ಕಟ್ಟುವುದು ಬೀಟಾ. ರ‍್ಯಾಗ್1, ರ‍್ಯಾಗ್2 ಅನ್ನುವ ಎರಡು ಪ್ರೋಟೀನ್‌ಗಳು ಡಿಎನ್‌ಎಯನ್ನು ನಿಜವಾಗಿಯೇ ಕತ್ತರಿಸುತ್ತವೆ. ಬೀಟಾ ಜೀನಿನಲ್ಲಿ ವಿ, ಡಿ, ಜೆ ಅಂತ ಮೂರು ಬಗೆಯ ತುಣುಕುಗಳಿವೆ. ಮೊದಲು ಒಂದು ಡಿ ತುಣುಕನ್ನು ಒಂದು ಜೆ ತುಣುಕಿಗೆ, ಆಮೇಲೆ ಒಂದು ವಿ ತುಣುಕನ್ನು ಅದಕ್ಕೆ ಜೋಡಿಸಲಾಗುತ್ತದೆ. ಜೋಡಣೆಯ ಸಂದಿಯಲ್ಲಿ ಟಿಡಿಟಿ ಅನ್ನುವ ಎಂಜೈಮ್ ಮನಸ್ಸಿಗೆ ಬಂದ ಅಕ್ಷರಗಳನ್ನು ತುರುಕುತ್ತದೆ. ವೈವಿಧ್ಯ ಬರುವುದೂ ಇದರಿಂದಲೇ, ಕೆಡುವುದೂ ಇದರಿಂದಲೇ.

ಯಾಕೆ ಕೆಡುತ್ತದೆ? ಡಿಎನ್‌ಎ ಓದುವುದು ಮೂರು ಮೂರು ಅಕ್ಷರವಾಗಿ. ಸೇರಿದ ಅಕ್ಷರಗಳು ಮೂರರ ಲೆಕ್ಕಕ್ಕೆ ಸರಿ ಬಂದರೆ ಮಾತ್ರ ಪ್ರೋಟೀನ್ ಸರಿಯಾಗುತ್ತದೆ. ಅಂದರೆ ಒಂದು ಯತ್ನ ಗೆಲ್ಲುವ ಅವಕಾಶ ಸುಮಾರು ಮೂರರಲ್ಲಿ ಒಂದು. ಪ್ರತಿ ಕೋಶಕ್ಕೂ ಅಮ್ಮನಿಂದ ಒಂದು, ಅಪ್ಪನಿಂದ ಒಂದು ಅಂತ ಬೀಟಾ ಜೀನಿನ ಎರಡು ಪ್ರತಿ ಇವೆ. ಒಂದೊಂದು ಪ್ರತಿಯಲ್ಲೂ ಡಿ-ಜೆ ಗುಂಪು ಎರಡೆರಡು ಇವೆ. ಒಟ್ಟು ನಾಲ್ಕು ಯತ್ನ. ನಾಲ್ಕೂ ಸೋಲುವ ಸಾಧ್ಯತೆ ಮೂರನೇ ಎರಡರ ನಾಲ್ಕನೇ ಘಾತ, ಅಂದರೆ 81ರಲ್ಲಿ 16. ಹಾಗಾದರೆ ಗೆಲ್ಲುವುದು 81ರಲ್ಲಿ 65, ಸುಮಾರು ಶೇ. 80. ಈ ಲೆಕ್ಕವನ್ನು ಒಮ್ಮೆ ನೀವೇ ಹಾಳೆಯ ಮೂಲೆಯಲ್ಲಿ ಮಾಡಿ ನೋಡಿ, ಯಾಕೆಂದರೆ ಇಷ್ಟು ಮಾಡಿದವರಿಗೆ ಡಿಎನ್3 ಯಾಕೆ ಇದೆ ಅಂತ ಮತ್ತೆ ವಿವರಿಸಬೇಕಾಗಿಲ್ಲ.

ಬೀಟಾ ಸರಿಯಾಗಿದೆಯಾ ಅಂತ ನೋಡಲು ಆಲ್ಫಾ ಇನ್ನೂ ಬಂದಿಲ್ಲ. ಅದಕ್ಕೆ ಕೋಶ ಪ್ರೀ-ಟಿ-ಆಲ್ಫಾ ಅನ್ನುವ ಬದಲಿ ಸರಪಳಿಯೊಂದನ್ನು ಜೊತೆಗೆ ಕೂರಿಸಿ ನೋಡುತ್ತದೆ. ಜೋಡಿ ಆಯಿತೋ, ಸಂಕೇತ ಹೋಗುತ್ತದೆ. ರ‍್ಯಾಗ್ ನಿಲ್ಲುತ್ತದೆ, ಇನ್ನೊಂದು ಪ್ರತಿಯ ಜೋಡಣೆಯೂ ನಿಲ್ಲುತ್ತದೆ, ಕೋಶ ಜೋರಾಗಿ ವಿಭಜನೆಯಾಗುತ್ತದೆ. ಇದೇ ಬೀಟಾ ಸೆಲೆಕ್ಷನ್. ಆಗಲಿಲ್ಲವೋ, ಅಲ್ಲೇ ಸಾವು. ಆಲ್ಫಾ, ಬೀಟಾ ಬದಲು ಗಾಮಾ, ಡೆಲ್ಟಾ ಸರಪಳಿ ಇರುವ ಗಾಮಾ-ಡೆಲ್ಟಾ ಟಿ ಕೋಶಗಳು ಬೇರೆ ದಾರಿ ಹಿಡಿಯುವುದೂ ಹೆಚ್ಚುಕಡಿಮೆ ಈ ಹಂತದಲ್ಲೇ, ಅವುಗಳ ಕಥೆ ಇಲ್ಲಿ ಬೇಡ.

ಹೆಜ್ಜೆ 4: ಡಬಲ್ ಪಾಸಿಟಿವ್

ಈಗ ಸಿಡಿ4, ಸಿಡಿ8 ಎರಡೂ ಮೈಮೇಲೆ ಬರುತ್ತವೆ. ಡಿಪಿ ಅಂತ ಬರೆದುಕೊಳ್ಳಿ. ಥೈಮಸ್‌ನ ಕೋಶಗಳಲ್ಲಿ ಶೇ. 80ರಷ್ಟು ಇವೇ. ವಿಭಜನೆ ನಿಂತ ಮೇಲೆ ರ‍್ಯಾಗ್ ಮತ್ತೆ ಶುರುವಾಗುತ್ತದೆ, ಆಲ್ಫಾ ಕಟ್ಟಲು. ಆಲ್ಫಾಕ್ಕೆ ಡಿ ತುಣುಕು ಇಲ್ಲ, ವಿ ಮತ್ತು ಜೆ ಮಾತ್ರ. ಇಲ್ಲಿ ಒಂದು ಜಾಣತನ ಇದೆ. ಮೊದಲ ಜೋಡಣೆ ಕೆಟ್ಟರೆ, ಅಥವಾ ಸರಿಯಾಗಿದ್ದೂ ಯಾರಿಗೂ ಹೊಂದದಿದ್ದರೆ, ಅದರ ಆಚೆಗಿನ ವಿ ಮತ್ತು ಈಚೆಗಿನ ಜೆ ಬಳಸಿ ಮತ್ತೆ ಮತ್ತೆ ಜೋಡಿಸಬಹುದು. ಸಮಯ ಮಾತ್ರ ಮೂರ್ನಾಲ್ಕು ದಿನ. ಅಷ್ಟರೊಳಗೆ ಮುಂದಿನ ಪರೀಕ್ಷೆ ದಾಟದಿದ್ದರೆ ಕೋಶ ತಾನಾಗಿಯೇ ಸಾಯುತ್ತದೆ.

ಹೆಜ್ಜೆ 5: ಪಾಸಿಟಿವ್ ಸೆಲೆಕ್ಷನ್, ಇಲ್ಲಿ ನಿಧಾನ ಮಾಡಿ

ಎಲ್ಲರೂ ಎಡವುವ ಜಾಗ ಇದು. ಕಾರ್ಟೆಕ್ಸ್‌ನ ಎಪಿಥೀಲಿಯಲ್ ಕೋಶಗಳ ಮೈಮೇಲೆ ಎಂಎಚ್‌ಸಿ ಅಣುಗಳಿವೆ, ಅವುಗಳ ಮೇಲೆ ದೇಹದ್ದೇ ಪ್ರೋಟೀನಿನ ಸಣ್ಣ ತುಣುಕುಗಳು ಕೂತಿರುತ್ತವೆ. ನಮ್ಮ ಕೋಶ ತನ್ನ ಹೊಸ ರಿಸೆಪ್ಟರಿನಿಂದ ಅವನ್ನು ಮುಟ್ಟಿ ನೋಡುತ್ತದೆ. ಏನೂ ಅಂಟಲಿಲ್ಲ ಅಂದರೆ ಬದುಕುವ ಸಂಕೇತ ಸಿಗುವುದಿಲ್ಲ, ಸಾವು. ಡಿಪಿ ಕೋಶಗಳಲ್ಲಿ ಬಹುಪಾಲು ಸಾಯುವುದು ಹೀಗೆಯೇ, ಯಾರೂ ಕೊಲ್ಲುವುದಿಲ್ಲ, ಯಾರೂ ಕೇಳದೆ ಸಾಯುತ್ತವೆ. ಸ್ವಲ್ಪ, ಹಗುರವಾಗಿ ಅಂಟಿತು ಅಂದರೆ ಬದುಕುತ್ತದೆ. ತುಂಬಾ ಬಿಗಿಯಾಗಿ ಅಂಟಿತು ಅಂದರೆ ಮತ್ತೆ ಸಾವು.

ಈಗ ಹಾಳೆಯ ಹಿಂದೆ ಒಂದು ಗ್ರಾಫ್ ಬರೆಯಿರಿ. ಅಡ್ಡ ಗೆರೆಯಲ್ಲಿ ಅಂಟುವ ಬಲ, ನಿಂತ ಗೆರೆಯಲ್ಲಿ ಬದುಕುವ ಸಾಧ್ಯತೆ. ಎಡ ತುದಿಯಲ್ಲಿ ಸೊನ್ನೆ, ನಡುವೆ ಗುಡ್ಡ, ಬಲಕ್ಕೆ ಮತ್ತೆ ಸೊನ್ನೆ. ಗುಡ್ಡದ ಬಲ ಇಳಿಜಾರಿನಲ್ಲಿ ಒಂದು ಸಣ್ಣ ಗುರುತು ಹಾಕಿಡಿ, ಆಮೇಲೆ ಬೇಕಾಗುತ್ತದೆ.

ದೇಹದ ಸ್ವಂತ ತುಣುಕಿಗೆ ಅಂಟುವವನ್ನೇ ಉಳಿಸಿಕೊಳ್ಳುವುದು ಅಪಾಯ ಅಲ್ವಾ, ಅಂತ ಕೇಳಬಹುದು. ಕೇಳಲೇಬೇಕು. ಟಿ ಕೋಶಕ್ಕೆ ವೈರಸ್ ತುಣುಕು ಕಾಣುವುದು ನಮ್ಮದೇ ಎಂಎಚ್‌ಸಿ ಮೇಲೆ ಕೂತಾಗ ಮಾತ್ರ. 1974ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ರಾಲ್ಫ್ ಝಿಂಕರ್‌ನಾಗೆಲ್ ಮತ್ತು ಪೀಟರ್ ಡೋಹರ್ಟಿ ತೋರಿಸಿದ್ದು ಇದನ್ನೇ, 1996ರಲ್ಲಿ ನೊಬೆಲ್ ಬಂತು. ಆದ್ದರಿಂದ ನಮ್ಮ ಎಂಎಚ್‌ಸಿಯನ್ನು ಮುಟ್ಟಲು ಆಗದ ರಿಸೆಪ್ಟರ್ ಇದ್ದರೆ ಆ ಕೋಶದಿಂದ ಜೀವನಪೂರ್ತಿ ಉಪಯೋಗವಿಲ್ಲ. ಥೈಮಸ್‌ಗೆ ವೈರಸ್‌ಗಳ ಪಟ್ಟಿ ಗೊತ್ತಿಲ್ಲ, ಅದು ನೋಡುವುದು ಇಷ್ಟನ್ನೇ.

ಸಿಡಿ4 ಆಗಬೇಕೋ ಸಿಡಿ8 ಆಗಬೇಕೋ ಅನ್ನುವುದೂ ಇಲ್ಲೇ ತೀರ್ಮಾನ. ರಿಸೆಪ್ಟರ್ ಎಂಎಚ್‌ಸಿ ಒಂದನೇ ವರ್ಗಕ್ಕೆ ಅಂಟಿದರೆ ಸಿಡಿ8, ಎರಡನೇ ವರ್ಗಕ್ಕೆ ಅಂಟಿದರೆ ಸಿಡಿ4. ಮರೆತುಹೋಗುವವರು ಗುಣಿಸಿ ನೋಡಿ: 8×1=8, 4×2=8. ಒಳಗೆ ಏನಾಗುತ್ತದೆ ಅಂದರೆ, ಸಂಕೇತ ಸಿಕ್ಕ ಮೇಲೆ ಕೋಶ ಸಿಡಿ8 ಅನ್ನು ಸ್ವಲ್ಪ ಕಾಲ ಇಳಿಸುತ್ತದೆ. ಆಗಲೂ ಸಂಕೇತ ಬರುತ್ತಲೇ ಇದ್ದರೆ, ಓಹೋ ಇದು ಸಿಡಿ4 ಮೇಲೆ ನಿಂತಿದೆ ಅಂತ ಥಿಪಾಕ್ ಜೀನ್ ಗೆಲ್ಲುತ್ತದೆ. ಸಂಕೇತ ನಿಂತುಹೋದರೆ ರನ್ಎಕ್ಸ್3 ಬಂದು ಸಿಡಿ8 ಮರಳುತ್ತದೆ. ಆಲ್ಫ್ರೆಡ್ ಸಿಂಗರ್ ಮುಂದಿಟ್ಟ ಈ ವಿವರಣೆಯೇ ಇವತ್ತು ಹೆಚ್ಚು ಜನ ಒಪ್ಪುವುದು.

ಹೆಜ್ಜೆ 6: ಮೆಡುಲ್ಲಾಗೆ ಇಳಿಸಿ

ಪಾಸಾದ ಕೋಶ ಸಿಸಿಆರ್7 ಅನ್ನುವ ರಿಸೆಪ್ಟರ್ ಹಾಕಿಕೊಂಡು ವಾಸನೆ ಹಿಡಿದಂತೆ ಮೆಡುಲ್ಲಾ ಕಡೆ ಬರುತ್ತದೆ. ಇಲಿಯಲ್ಲಿ ಇಲ್ಲಿ ನಾಲ್ಕೈದು ದಿನ ಇರುತ್ತದೆ.

ಈಗ ಒಂದು ತೊಡಕು. ಇನ್ಸುಲಿನ್ ಆಗುವುದು ಮೇದೋಜೀರಕದಲ್ಲಿ, ಥೈರೋಗ್ಲಾಬ್ಯುಲಿನ್ ಆಗುವುದು ಥೈರಾಯ್ಡ್‌ನಲ್ಲಿ. ಇವಕ್ಕೆ ಬಿಗಿಯಾಗಿ ಅಂಟುವ ಟಿ ಕೋಶ ಇದ್ದರೆ ಥೈಮಸ್‌ನಲ್ಲಿ ಅದನ್ನು ಹಿಡಿಯುವುದು ಹೇಗೆ? ಮೆಡುಲ್ಲಾದ ಎಪಿಥೀಲಿಯಲ್ ಕೋಶಗಳೇ ಇನ್ಸುಲಿನ್ ಸೇರಿ ಬೇರೆ ಅಂಗಗಳ, ಅಂದರೆ ತಮ್ಮದಲ್ಲದ ಸಾವಿರಾರು ಪ್ರೋಟೀನ್‌ಗಳನ್ನು ಚೂರು ಚೂರು ತಯಾರಿಸಿ ತೋರಿಸುತ್ತವೆ. ಒಂದೊಂದು ಕೋಶ ಒಂದಷ್ಟನ್ನು ಮಾತ್ರ, ಎಲ್ಲ ಸೇರಿದರೆ ಹೆಚ್ಚುಕಡಿಮೆ ಇಡೀ ದೇಹ. ಇದನ್ನು ನಡೆಸುವ ಮುಖ್ಯ ಜೀನ್ ಏರ್. 1997ರಲ್ಲಿ ಇದು ಸಿಕ್ಕಿದ್ದು ಒಂದು ಅಪರೂಪದ ಕಾಯಿಲೆಯ ಬೆನ್ನು ಹತ್ತಿದಾಗ. ಫಿನ್‌ಲ್ಯಾಂಡ್, ಸಾರ್ಡಿನಿಯಾಗಳಲ್ಲಿ ಸ್ವಲ್ಪ ಜಾಸ್ತಿ ಕಾಣುವ ಆ ಕಾಯಿಲೆಯಲ್ಲಿ ಪ್ಯಾರಾಥೈರಾಯ್ಡ್, ಅಡ್ರಿನಲ್ ಗ್ರಂಥಿಗಳ ಮೇಲೆ ದೇಹವೇ ದಾಳಿ ಮಾಡುತ್ತದೆ, ಬಾಯಲ್ಲಿ ಬೂಸ್ಟು ಸೋಂಕು ಹೋಗುವುದೇ ಇಲ್ಲ. ಏರ್ ಥೈಮಸ್‌ನಲ್ಲಿ ಮಾಡುವ ಕೆಲಸ ಏನು ಅಂತ ಇಲಿಗಳಲ್ಲಿ ತೋರಿಸಿದ್ದು 2002ರಲ್ಲಿ. ಏರ್ ಒಂದೇ ಎಲ್ಲ ಮಾಡುತ್ತದೆ ಅಂತ ಬರೆದರೆ ಅಂಕ ಹೋಗುತ್ತದೆ, ಫೆಜ್ಎಫ್2 ಅನ್ನುವ ಇನ್ನೊಂದೂ ಇದೆ. ಹಾಗೇ, ಬಿಗಿಯಾಗಿ ಅಂಟುವ ಕೋಶಗಳ ಸಾವು ಮೆಡುಲ್ಲಾದಲ್ಲಿ ಮಾತ್ರ ಅಂತಲೂ ಬರೆಯಬೇಡಿ. ಕಾರ್ಟೆಕ್ಸ್‌ನಲ್ಲೂ ಬೇಕಾದಷ್ಟು ಆಗುತ್ತದೆ.

ಗ್ರಾಫ್‌ನಲ್ಲಿ ಬಲ ಇಳಿಜಾರಿನ ಗುರುತು ನೆನಪಿದೆಯಾ? ಸ್ವಲ್ಪ ಜಾಸ್ತಿ ಬಿಗಿ, ಆದರೆ ಕೊಲ್ಲುವಷ್ಟು ಬಿಗಿ ಇಲ್ಲದ ಕೆಲವು ಸಿಡಿ4 ಕೋಶಗಳು ಇಲ್ಲಿ ಫಾಕ್ಸ್‌ಪಿ3 ಜೀನ್ ಆನ್ ಮಾಡಿಕೊಂಡು ರೆಗ್ಯುಲೇಟರಿ ಟಿ ಕೋಶ ಆಗುತ್ತವೆ. ಉಳಿದವರ ಕೈ ಹಿಡಿದು ತಡೆಯುವುದು ಇವುಗಳ ಕೆಲಸ. 2025ರ ವೈದ್ಯಕೀಯ ನೊಬೆಲ್ ಬಂದಿದ್ದು ಇವುಗಳ ಕುರಿತ ಕೆಲಸಕ್ಕೇ, ಶಿಮೋನ್ ಸಾಕಾಗುಚಿ, ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಮೂವರಿಗೆ. ಹೊರಗೆ ಹೋದ ಮೇಲೂ ಥೈಮಸ್‌ನಿಂದ ತಪ್ಪಿಸಿಕೊಂಡವನ್ನು ಹಿಡಿಯಲು ವ್ಯವಸ್ಥೆ ಇದೆ ಅಂದರೆ, ಒಳಗಿನ ಜರಡಿ ಪೂರ್ತಿ ಬಿಗಿಯಾಗಿಲ್ಲ ಅಂತಲೇ ಅರ್ಥ.

ಹೆಜ್ಜೆ 7: ಹೊರಗೆ ಕಳಿಸಿ

ಬಲಿತ ಕೋಶ ಎಸ್1ಪಿ ಅನ್ನುವ ಕೊಬ್ಬಿನ ಅಣುವನ್ನು ಗುರುತಿಸುವ ಎಸ್1ಪಿ ರಿಸೆಪ್ಟರ್ 1 ಹಾಕಿಕೊಳ್ಳುತ್ತದೆ. ರಕ್ತದಲ್ಲಿ ಎಸ್1ಪಿ ಜಾಸ್ತಿ, ಅಂಗದೊಳಗೆ ಕಡಿಮೆ, ಹಾಗಾಗಿ ಕೋಶ ರಕ್ತದ ಕಡೆ ಎಳೆಯಲ್ಪಟ್ಟು ಅದೇ ಗಡಿಯಲ್ಲಿ ಹೊರಗೆ ಬೀಳುತ್ತದೆ. ಒಳಗೆ ಬಂದು ಇಷ್ಟು ಹೊತ್ತಿಗೆ ಸುಮಾರು ಮೂರು ವಾರ.

ಹೊರಗೆ ಹೋಗುವಾಗ ಅದರ ಹೊಟ್ಟೆಯಲ್ಲಿ ಒಂದು ಸಾಕ್ಷಿ ಇರುತ್ತದೆ. ರಿಸೆಪ್ಟರ್ ಜೀನ್ ಜೋಡಿಸುವಾಗ ಕತ್ತರಿಸಿ ಬಿಸಾಡಿದ ಡಿಎನ್‌ಎ ತುಂಡು ಉಂಗುರವಾಗಿ ಉಳಿದಿರುತ್ತದೆ, ಅದಕ್ಕೆ ಟ್ರೆಕ್ ಅಂತ ಹೆಸರು. ಕೋಶ ವಿಭಜನೆಯಾದರೂ ಉಂಗುರ ನಕಲಾಗುವುದಿಲ್ಲ. ಆದ್ದರಿಂದ ರಕ್ತದಲ್ಲಿ ಟ್ರೆಕ್ ಎಷ್ಟಿದೆ ಅಂತ ನೋಡಿದರೆ ಥೈಮಸ್ ಈಚೆಗೆ ಎಷ್ಟು ಕೋಶ ಕಳಿಸಿದೆ ಅಂತ ತಿಳಿಯುತ್ತದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯ 2008ರಿಂದ ಹುಟ್ಟಿದ ಪ್ರತಿ ಮಗುವಿನ ಹಿಮ್ಮಡಿಯ ಒಂದು ಹನಿ ರಕ್ತದಲ್ಲಿ ಇದನ್ನು ಅಳೆದು, ಟಿ ಕೋಶಗಳೇ ಇಲ್ಲದ ಮಕ್ಕಳನ್ನು ಸೋಂಕು ತಗಲುವ ಮೊದಲೇ ಗುರುತಿಸಲು ಶುರು ಮಾಡಿತು.

ಹೆಜ್ಜೆ 8: ಫ್ಲೋ ಸೈಟೋಮೀಟರ್ ಪ್ಲಾಟ್ ಓದುವುದು

ಲ್ಯಾಬ್‌ನಲ್ಲಿ ಕೆಲಸ ಮಾಡುವವರಿಗೆ ಇದೇ ಮುಖ್ಯ. ಫ್ಲೋ ಸೈಟೋಮೀಟರ್ ಅಂದರೆ ಒಂದೊಂದೇ ಕೋಶದ ಮೈಮೇಲಿನ ಗುರುತುಗಳನ್ನು ಅಳೆಯುವ ಯಂತ್ರ. ಒಂದು ಅಕ್ಷದಲ್ಲಿ ಸಿಡಿ8, ಇನ್ನೊಂದರಲ್ಲಿ ಸಿಡಿ4, ನಾಲ್ಕು ಚೌಕ. ಆರೋಗ್ಯವಾದ ಎಳೆಯ ಇಲಿಯಲ್ಲಿ ಎರಡೂ ಇರುವ ಚೌಕದಲ್ಲಿ ಶೇ. 80 ಆಸುಪಾಸು, ಸಿಡಿ4 ಮಾತ್ರ ಇರುವುದರಲ್ಲಿ ಶೇ. 10ರಷ್ಟು, ಸಿಡಿ8 ಮಾತ್ರ ಮತ್ತು ಎರಡೂ ಇಲ್ಲದ್ದರಲ್ಲಿ ತಲಾ ಶೇ. 3ರಿಂದ 5.

ಕೆಲವು ಎಚ್ಚರಿಕೆ. ಎರಡೂ ಇಲ್ಲದ ಚೌಕದಲ್ಲಿ ಇರುವುದೆಲ್ಲ ಡಿಎನ್ ಅಲ್ಲ. ಬಿ ಕೋಶ, ಎನ್‌ಕೆ ಕೋಶ, ಗಾಮಾ-ಡೆಲ್ಟಾ ಎಲ್ಲ ಅಲ್ಲೇ ಬಂದು ಬೀಳುತ್ತವೆ, ಅವನ್ನು ಮೊದಲು ಗೇಟ್ ಹಾಕಿ (ಪ್ಲಾಟ್‌ನಲ್ಲಿ ಬೇರೆ ಮಾಡಿ) ತೆಗೆದು ಆಮೇಲೆ ಸಿಡಿ44, ಸಿಡಿ25 ನೋಡಿ. ಸಿಡಿ8 ಮಾತ್ರ ಇರುವ ಚೌಕದಲ್ಲೂ ಮೋಸ ಇದೆ. ಇಲಿಯಲ್ಲಿ ಡಿಎನ್‌ನಿಂದ ಡಿಪಿಗೆ ಹೋಗುವ ದಾರಿಯಲ್ಲಿ ಕೋಶ ಸ್ವಲ್ಪ ಹೊತ್ತು ಸಿಡಿ8 ಮಾತ್ರ ತೋರಿಸುತ್ತದೆ. ಅದು ಬಲಿತ ಕೋಶ ಅಂತ ಎಣಿಸಿಬಿಟ್ಟರೆ ಲೆಕ್ಕ ಕೆಟ್ಟಿತು. ಟಿಸಿಆರ್-ಬೀಟಾ (ಟಿ ಕೋಶ ರಿಸೆಪ್ಟರಿನ ಬೀಟಾ ಸರಪಳಿ) ಹೆಚ್ಚಿರುವವನ್ನು ಮಾತ್ರ ಬಲಿತವು ಅನ್ನಿ. ಥೈಮಸ್ ತೆಗೆಯುವಾಗ ಪಕ್ಕದಲ್ಲೇ ಅಂಟಿಕೊಂಡಿರುವ ಪುಟ್ಟ ದುಗ್ಧಗ್ರಂಥಿಗಳನ್ನು ಬಿಡಿಸಿ ತೆಗೆಯಿರಿ, ಇಲ್ಲದಿದ್ದರೆ ಬಲಿತ ಟಿ ಕೋಶಗಳು ಸುಳ್ಳು ಸುಳ್ಳಾಗಿ ಜಾಸ್ತಿ ಕಾಣುತ್ತವೆ.

ಮುಖ್ಯವಾಗಿ, ಇಲಿಗೆ ಒತ್ತಡ ಆಗಿದೆಯಾ ಅಂತ ನೋಡಿ. ಒತ್ತಡದಲ್ಲಿ ಬರುವ ಸ್ಟೀರಾಯ್ಡ್ ಹಾರ್ಮೋನಿಗೆ ಡಿಪಿ ಕೋಶಗಳು ಬೇಗ ಸಾಯುತ್ತವೆ. ಥೈಮಸ್ ಚಿಕ್ಕದಾಗಿ, ಡಿಪಿ ಶೇಕಡಾವಾರು ಕುಸಿದಿದ್ದರೆ ನಿಮ್ಮ ಜೀನ್‌ಗೆ ಕೀರ್ತಿ ಕೊಡುವ ಮೊದಲು ಇಲಿ ಕಾಯಿಲೆ ಬಿದ್ದಿತ್ತಾ ವಿಚಾರಿಸಿ. ಇದು ಮನುಷ್ಯರಲ್ಲಿ ದೊಡ್ಡ ಅನಾಹುತವನ್ನೇ ಮಾಡಿಸಿದೆ. ಬಹುಕಾಲ ಕಾಯಿಲೆ ಬಿದ್ದು ಸತ್ತವರ ದೇಹಗಳನ್ನೇ ಕೊಯ್ದು ನೋಡಿದ್ದ ವೈದ್ಯರಿಗೆ, ಇದ್ದಕ್ಕಿದ್ದಂತೆ ಸತ್ತ ಆರೋಗ್ಯವಂತ ಶಿಶುವಿನ ಥೈಮಸ್ ವಿಪರೀತ ದೊಡ್ಡದಾಗಿ ಕಂಡಿತು, ಅದೇ ಸಾವಿಗೆ ಕಾರಣ ಅಂದುಕೊಂಡರು. 20ನೇ ಶತಮಾನದ ಮೊದಲ ಭಾಗದಲ್ಲಿ ಎಷ್ಟೋ ಮಕ್ಕಳ ಎದೆಗೆ ಎಕ್ಸ್‌ರೇ ಹಾಯಿಸಿ ಥೈಮಸ್ ಕುಗ್ಗಿಸಿದರು. ಅವರಲ್ಲಿ ಮುಂದೆ ಥೈರಾಯ್ಡ್ ಕ್ಯಾನ್ಸರ್ ಹೆಚ್ಚಾಗಿ ಕಂಡಿತು.

ಇಲಿಯ ವಯಸ್ಸನ್ನೂ ಬರೆದಿಡಿ. ಪ್ರಾಯಕ್ಕೆ ಬಂದ ಮೇಲೆ ಥೈಮಸ್ ಕುಗ್ಗುತ್ತಾ ಕೊಬ್ಬು ತುಂಬುತ್ತದೆ, ಮನುಷ್ಯರಲ್ಲೂ ಅಷ್ಟೇ. ಹಾಗಂತ ದೊಡ್ಡವರಿಗೆ ಅದು ಬೇಡವೇ ಬೇಡ ಅಂತಲ್ಲ. ಥೈಮಸ್ ತೆಗೆಸಿಕೊಂಡ ವಯಸ್ಕರನ್ನು ಅಂಥದ್ದೇ ಬೇರೆ ಎದೆ ಶಸ್ತ್ರಚಿಕಿತ್ಸೆ ಆದವರ ಜೊತೆ ಹೋಲಿಸಿ 2023ರಲ್ಲಿ ಅಮೆರಿಕದಿಂದ ಬಂದ ಅಧ್ಯಯನದಲ್ಲಿ, ಐದು ವರ್ಷದೊಳಗೆ ಸತ್ತವರು ಥೈಮಸ್ ತೆಗೆಸಿಕೊಂಡವರಲ್ಲಿ ಶೇ. 8.1, ಉಳಿದವರಲ್ಲಿ ಶೇ. 2.8.

ಹೆಜ್ಜೆ 9: ಒಂದೊಂದೇ ಕಿತ್ತು ಹಾಕಿ ನೋಡಿ

ಅರ್ಥ ಆಗಿದೆಯಾ ಅಂತ ಗೊತ್ತಾಗುವುದು ಇಲ್ಲೇ. ಉತ್ತರ ಮುಚ್ಚಿಕೊಂಡು ನಕ್ಷೆ ನೋಡಿ ಹೇಳಿ.

ರ‍್ಯಾಗ್ ಇಲ್ಲದ ಇಲಿ? ಬೀಟಾ ಕತ್ತರಿಸಲಾಗದು, ಡಿಎನ್3ರಲ್ಲಿ ನಿಂತಿತು. ಆಲ್ಫಾ ಜೀನ್ ಇಲ್ಲದ ಇಲಿ? ಬೀಟಾ ಪಾಸು, ಡಿಪಿ ಬೇಕಾದಷ್ಟು, ಬಲಿತ ಆಲ್ಫಾ-ಬೀಟಾ ಕೋಶ ಇಲ್ಲ. ಬೀಟಾ-2 ಮೈಕ್ರೋಗ್ಲಾಬ್ಯುಲಿನ್ ಇಲ್ಲದ ಇಲಿ? ಎಂಎಚ್‌ಸಿ ಒಂದನೇ ವರ್ಗ ಮೈಮೇಲೆ ಬರುವುದಿಲ್ಲ, ಸಿಡಿ8 ಚೌಕ ಹೆಚ್ಚುಕಡಿಮೆ ಖಾಲಿ. ಎಸ್1ಪಿ ದಾರಿ ಮುಚ್ಚುವ ಫಿಂಗೋಲಿಮಾಡ್ ಔಷಧಿ ಕೊಟ್ಟರೆ? ಬಲಿತ ಕೋಶಗಳು ಮೆಡುಲ್ಲಾದಲ್ಲೇ ಜಮಾ ಆಗುತ್ತವೆ.

ಕೊನೆಯದು ಸ್ವಲ್ಪ ಕಷ್ಟ. 1988ರಲ್ಲಿ ಸ್ವಿಟ್ಜರ್‌ಲ್ಯಾಂಡ್‌ನ ಬಾಸೆಲ್‌ನಲ್ಲಿ ಹರಾಲ್ಡ್ ಫಾನ್ ಬೋಮರ್, ಪಾವೆಲ್ ಕಿಸಿಯೆಲೋ ಮತ್ತು ಜೊತೆಗಾರರು ಒಂದೇ ರಿಸೆಪ್ಟರ್ ಇರುವ ಇಲಿ ಮಾಡಿದರು. ಆ ರಿಸೆಪ್ಟರ್ ಗುರುತಿಸುವುದು ಗಂಡಿಲಿಯಲ್ಲಿ ಮಾತ್ರ ಇರುವ ಎಚ್‌ವೈ ಪ್ರೋಟೀನಿನ ತುಣುಕನ್ನು, ಅದೂ ಒಂದು ನಿರ್ದಿಷ್ಟ ಎಂಎಚ್‌ಸಿ ಒಂದನೇ ವರ್ಗದ ಮೇಲೆ ಕೂತಾಗ. ಹೆಣ್ಣಿಲಿಯ ಪ್ಲಾಟ್ ಹೇಗಿರುತ್ತದೆ, ಗಂಡಿಲಿಯದ್ದು ಹೇಗಿರುತ್ತದೆ, ಆ ಎಂಎಚ್‌ಸಿಯೇ ಇಲ್ಲದ ಹೆಣ್ಣಿಲಿಯದ್ದು ಹೇಗಿರುತ್ತದೆ? ಮೂರನ್ನೂ ಬರೆದ ಮೇಲೆ ಓದಿ. ಸರಿಯಾದ ಎಂಎಚ್‌ಸಿ ಇರುವ ಹೆಣ್ಣಿಲಿಯಲ್ಲಿ ಸಿಡಿ8 ಕೋಶಗಳು ತುಂಬಿದ್ದವು. ಗಂಡಿಲಿಯಲ್ಲಿ ರಿಸೆಪ್ಟರ್ ಬಿಗಿಯಾಗಿ ಅಂಟಿ ಡಿಪಿ ಕೋಶಗಳೇ ಬಹುತೇಕ ನಾಶವಾಗಿದ್ದವು, ಥೈಮಸ್ ಪುಟ್ಟದಾಗಿತ್ತು. ಎಂಎಚ್‌ಸಿ ಹೊಂದದ ಹೆಣ್ಣಿಲಿಯಲ್ಲಿ ಕೋಶಗಳು ಡಿಪಿವರೆಗೆ ಬಂದು, ಮುಟ್ಟಲು ಏನೂ ಸಿಗದೆ ಅಲ್ಲೇ ನಿಂತಿದ್ದವು.